ಬಾವುಟನ ಎಡಗೈ

ಬಾಗಿಲಲ್ಲಿ ನಿಂತಿದ್ದ ಹೆಂಗಸು ಚೀಲವನ್ನು ಬಲ ಹೆಗಲಿಗೆ ಬದಲಾಯಿಸಿಕೊಂಡು, ಎಡಗೈಯನ್ನು ಮುಂದಕ್ಕೆ ಚಾಚಿ, ತೋರುಬೆರಳನ್ನು ನೆಲದ ಕಡೆಗೆ ಮಾಡಿ ಗಾಳಿಯಲ್ಲಿ ಒಂದು ಪುಟ್ಟ ಸುತ್ತು ಸುತ್ತಿದಳು. ಮತ್ತೊಂದು ಸುತ್ತು. ಇನ್ನೊಂದು. “ಹೀಗೆ. ಬೆಳಗಿಂದ ಸಂಜೆವರೆಗೂ ಇದೊಂದೇ. ಮಾತು ಬಿದ್ದುಹೋಗಿ ಎರಡು ತಿಂಗಳಾಯ್ತು, ಬಲಗಡೆ ಪೂರ್ತಿ ಸತ್ತಿದೆ. ಉಳಿದಿರೋದು ಈ ಕೈ, ಅದು ಮಾಡೋದು ಇಷ್ಟೇ. ಏನು ಕೇಳ್ತಿದಾರೆ ಅಂತ ಮನೇಲಿ ಒಬ್ಬರಿಗೂ ಗೊತ್ತಾಗ್ತಿಲ್ಲ.”

ಅವನು ರಿಪೇರಿಗೆ ಬಂದ ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೂತಿದ್ದ. ಆ ಕೈ ಅವನನ್ನು ಒಂದು ಮಾತೂ ಕೇಳದೆ ಚಕ್ರ ಬಿಟ್ಟಿತು. ಮೊಣಕಾಲಿನ ಎತ್ತರಕ್ಕೆ ಇಳಿದು, ಅಲ್ಲಿ ಇಲ್ಲದ ಒಂದು ಕಬ್ಬಿಣದ ಹಿಡಿಯನ್ನು ಹಿಡಿದು, ಎರಡು ಬೆರಳಿನಷ್ಟು ಮುಂದಕ್ಕೆ ತಿರುಗಿಸಿತು. ಮೂವತ್ತೊಂದು ವರ್ಷದಿಂದ ದಾರದ ಉಂಡೆಗಿಂತ ಭಾರವಾದದ್ದನ್ನು ಎತ್ತದ ಕೈ, ಎತ್ತಬಾರದೆಂದೇ ಈ ಕಸುಬು ಹಿಡಿದ ಕೈ. ಹೆಂಗಸು ನೋಡಿದಳೋ ಏನೋ ಎಂದು ಅವನಿಗೆ ನಾಚಿಕೆಯಾಗಿ, ಅಂಗಡಿಯಲ್ಲಿ ಕದಿಯುವಾಗ ಸಿಕ್ಕಿಬಿದ್ದವನ ಹಾಗೆ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. ಅವಳು ಇನ್ನೂ ಬೆರಳು ಸುತ್ತಿಸುತ್ತಲೇ ಇದ್ದಳು. ನಿಲ್ಲಿಸಮ್ಮ ಎಂದು ಕೂಗಿಬಿಡಬೇಕೆನಿಸಿತು. ಆ ಬೆರಳು ಯಾರದ್ದೆಂದು ಅವಳು ಇನ್ನೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅದೇ ಮೂಗು, ಅದೇ ಹುಬ್ಬು; ನಿಂತರೆ ಕಂಬಕ್ಕೆ ಕಟ್ಟಿದ ಹಾಗೆ ನೆಟ್ಟಗೆ ನಿಲ್ಲುವ ಅದೇ ಜಂಬ.

“ನಮ್ಮನೆಯವರಿಗೆ ಏನನುಮಾನ ಗೊತ್ತಾ? ನೆಲದ ಕೆಳಗೆ ಏನೋ ಹೂತಿಟ್ಟಿದಾರೆ, ಅದನ್ನೇ ತೋರಿಸ್ತಿದಾರೆ ಅಂತ. ಅಪ್ಪನ ಮಂಚ ಇರೋದು ಮಹಡೀಲಿ, ಅದರ ನೇರ ಕೆಳಗಿನ ಕೋಣೇಲಿ ನಾಲ್ಕು ಕಲ್ಲು ಎಬ್ಬಿಸಿಯೇಬಿಟ್ರು. ಸಿಕ್ಕಿದ್ದೇನು? ಇರುವೆ ಗೂಡು. ಮೂರು ದಿನ ಮನೆ ತುಂಬ ಇರುವೆ.” ಅವಳು ನಗಲು ನೋಡಿದಳು, ಆಗಲಿಲ್ಲ. “ನರ್ಸಮ್ಮ ಮೂತ್ರಕ್ಕೆ ಅಂತಾಳೆ. ಪಾತ್ರೆ ಹಿಡಿದ್ರೆ ಮುಖ ತಿರುಗಿಸ್ತಾರೆ. ನಮ್ಮಕ್ಕ ಬಂದವಳು, ಅಪ್ಪನಿಗೆ ಚಪ್ಪಲಿ ಬೇಕಂತೆ ಕಣೇ ಅಂತ ತಂದು ಕಾಲಿಗೆ ಹಾಕಿದ್ಲು. ಸತ್ತ ಕಾಲಿಗೆ ಚಪ್ಪಲಿ! ಅಪ್ಪನ ಕಣ್ಣಲ್ಲಿ ನೀರು ಬಂತು. ಆಮೇಲೆ ಪೆಟ್ಟಿಗೇಲಿ ಇದು ಸಿಕ್ತು ನೋಡಿ.”

ಚೀಲದಿಂದ ತೆಗೆದದ್ದು ಒಂದು ಫೋಟೋ. ಹಡಗಿನ ಅಟ್ಟ, ಎಣ್ಣೆ ಹಿಡಿದ ಬನಿಯನ್ನಿನ ಐದಾರು ಜನ. ಒಂದು ಬದಿಗೆ ಸರಕು ಎತ್ತಿ ಇಳಿಸಲು ಉಕ್ಕಿನ ಹಗ್ಗ ಸುತ್ತುವ ವಿಂಚು, ಅದರ ಹಿಡಿಯ ಮೇಲೆ ಕೈಯಿಟ್ಟು ಹಲ್ಲು ಬಿಡುತ್ತ ನಿಂತ ಇಪ್ಪತ್ತಮೂರು ವರ್ಷದ ಒಬ್ಬ ಪೆದ್ದ. ಅದು ತಾನೇ ಎಂದು ಗುರುತಿಸಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಇನ್ನೊಂದು ಬದಿಗೆ, ಹಡಗಿನ ಅಂಚಿನಲ್ಲಿ, ಕೈ ಚಾಚಿ ಬೆರಳನ್ನು ಕೆಳಗೆ ಮಾಡಿ ನಿಂತ ಬಾವುಟ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಎಂಥ ಗಾಳಿಯಲ್ಲೂ ಅಂಚಿನ ಮೇಲೆ ಬಾವುಟದ ಕೋಲಿನ ಹಾಗೆ ನಿಲ್ಲುತ್ತಿದ್ದ. ಇಬ್ಬರ ನಡುವೆ ಕುಕ್ಕರುಗಾಲಲ್ಲಿ ಕೂತ ಪುಟ್ಟ ಆಳು ಬುಗುರಿ. ಕ್ಯಾಮೆರಾದವನು ಅಲುಗಾಡಬೇಡ ಎಂದು ಮೂರು ಸಲ ಹೇಳಿದರೂ ಅಲುಗಾಡಿದ್ದರಿಂದ ಅವನ ಮುಖ ಮಾತ್ರ ಮಸುಕು.

“ಇದರಲ್ಲೂ ಅಪ್ಪನ ಕೈ ಹೀಗೇ ಇದೆಯಲ್ಲ, ಆಗ ಹೊಳೀತು, ಇದು ಹಡಗಿನ ಸನ್ನೆ ಅಂತ. ಹಳೇ ಸೈನಿಕರ ಕಚೇರೀಲಿ ಕೇಳಿದ್ರೆ, ಮಿಷನ್ ರಿಪೇರಿಯವರು ಇದಾರಲ್ಲ, ಅವರೇ ವಿಂಚಿನವರು ಅಂದ್ರು. ನಿಮ್ಮನ್ನ ಚಿಕ್ಕಪ್ಪ ಅನ್ನಲಾ? ಅಪ್ಪ ಹಾಗೇ ಹೇಳೋರು, ನನಗೆ ತಮ್ಮ ಇದ್ದ ಹಾಗೆ ಅಂತ. ಆ ವಿಚಾರಣೆ ಟೈಮಲ್ಲಿ ನಿಮ್ಮನ್ನ ಉಳಿಸೋಕೆ ಎಷ್ಟೋ ಒದ್ದಾಡಿದ್ರಂತೆ. ಆಗ್ಲಿಲ್ಲವಂತೆ, ಪಾಪ.”

ಪಾಪ ಎಂದದ್ದು ಯಾರಿಗೆ ಎಂದು ಅವನಿಗೆ ತಿಳಿಯಲಿಲ್ಲ. ಉಳಿಸೋಕೆ ಒದ್ದಾಡಿದನಂತೆ. ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ಆಚೆ ಮೂವರು ಅಧಿಕಾರಿಗಳು, ಈಚೆ ಬಲಗೈ ಎತ್ತಿ ಪ್ರಮಾಣ ಮಾಡುವ ಬಾವುಟ, ಇಸ್ತ್ರಿಯ ಗೆರೆ ಮುರಿಯದ ಅವನ ತೋಳು. “ನಾನು ನಿಲ್ಲಿಸು ಅಂತ ಸನ್ನೆ ಕೊಟ್ಟೆ, ಸಾರ್. ವಿಂಚಿನವನು ನೋಡಲಿಲ್ಲ.” ಎಷ್ಟು ಸಲೀಸು! ಬೆಣ್ಣೆಯಿಂದ ಕೂದಲೆಳೆದ ಹಾಗೆ. ಅಷ್ಟು ಹೇಳಿ ಅವನು ಈ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಆರು ತಿಂಗಳು ಜೈಲು, ಕೆಂಪು ಶಾಯಿಯಲ್ಲಿ ‘ನಡತೆ ತೃಪ್ತಿಕರವಲ್ಲ’ ಎಂದು ಬರೆದ ಒಂದು ಕಾಗದ. ಆ ಕಾಗದ ತೋರಿಸಿ ಕೆಲಸ ಕೇಳಲು ಹೋದಲ್ಲೆಲ್ಲ ಮೇಜಿನಾಚೆಯ ಮುಖ ಆ ಕೆಂಪು ಗೆರೆ ಮುಟ್ಟಿದ ಕೂಡಲೇ ತಣ್ಣಗಾಗುವುದನ್ನು ನೋಡಿ ನೋಡಿ, ಕೊನೆಗೆ ಕಾಗದ ಯಾರೂ ಕೇಳದ ಕಸುಬು ಹಿಡಿದದ್ದು. ಈಗ ಈ ಮಗಳು ಅಂಗಳಕ್ಕೆ ಬಂದು ಚಿಕ್ಕಪ್ಪ ಅನ್ನುತ್ತಾಳೆ.

“ರೀ, ಒಂದ್ನಿಮಿಷ ಒಳಗೆ ಬನ್ನಿ,” ಎಂದಳು ಹೆಂಡತಿ.

ಅಡುಗೆಮನೆಯಲ್ಲಿ ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಸದ್ದಿನ ಮರೆಯಲ್ಲೇ ಕೇಳಿದಳು. “ಅವನ ಮಗಳಾ?”

“ಹೂಂ.”

“ಬದುಕಿದಾನಾ ಇನ್ನೂ?”

“ಅರ್ಧ. ಬಲಗಡೆ ಹೋಗಿದೆ.”

“ಪ್ರಮಾಣ ಮಾಡಿದ್ದು ಬಲಗೈಯಲ್ಲಿ ತಾನೆ? ಪರವಾಗಿಲ್ಲ, ಮೇಲಿರೋನಿಗೆ ಕಣ್ಣು ಚೆನ್ನಾಗೇ ಕಾಣುತ್ತೆ.” ಅವಳು ಪಾತ್ರೆಯನ್ನು ಬೋರಲು ಹಾಕಿದಳು. “ಹೋಗಿ. ಹೋಗಿ ಮುಖಕ್ಕೆ ಉಗಿದು ಬನ್ನಿ. ಮೂವತ್ತೊಂದು ವರ್ಷ ನನ್ನ ಪಕ್ಕದಲ್ಲಿ ಮಲಗಿ ನಿದ್ದೇಲಿ ಅವನಿಗೆ ಬೈದಿದೀರಿ, ಎಲ್ಲ ನನ್ನ ಕಿವಿಗೇ ಬಿದ್ದಿದ್ದು. ಒಂದ್ಸಲ ಅವನ ಕಿವಿಗೂ ಬೀಳ್ಲಿ. ಆ ಉಗುಳನ್ನ ಬಾಯಲ್ಲೇ ಇಟ್ಕೊಂಡು ವಾಪಸ್ ಬಂದೀರಿ, ಮತ್ತೆ!”

ಅವನು ಅಂಗಿ ಬದಲಿಸಿದ. ಪೆಟ್ಟಿಗೆಯ ತಳದಿಂದ ಆ ಕಾಗದ ತೆಗೆದು ಮಡಚಿ ಎದೆ ಜೇಬಿನಲ್ಲಿಟ್ಟುಕೊಂಡ. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಹೆಂಗಸು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಬಿಸಿಲು ಇನ್ನೂ ಏರಿರಲಿಲ್ಲ. ಯಾರೋ ಕಿಟಕಿಯಿಂದ ಚಾಪೆ ಕೊಡವುತ್ತಿದ್ದರು. ಒಂದು ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದರು, ಮೇಲಿನವನು ಎಸೆದದ್ದನ್ನು ಕೆಳಗಿನವನು ನೋಡದೆಯೇ ಹಿಡಿಯುತ್ತಿದ್ದ. ನೋಡದೆ ಹಿಡಿಯುವುದು ಒಂದು ಸೊಗಸು. ಯುದ್ಧ ಅಂದರೆ ಜನ ಬಂದೂಕು ಅಂದುಕೊಳ್ಳುತ್ತಾರೆ; ಅವನು ಕಂಡ ಯುದ್ಧ ಬರೀ ಪೆಟ್ಟಿಗೆ. ಬೂಟಿನ ಪೆಟ್ಟಿಗೆ, ಗುಂಡಿನ ಪೆಟ್ಟಿಗೆ, ಔಷಧಿ, ಹಾಲಿನ ಪುಡಿ, ಮುಳ್ಳುತಂತಿ, ಲಾರಿ ಎಂಜಿನ್ನು, ಒಂದು ಸಲ ಮುನ್ನೂರು ಖಾಲಿ ಶವಪೆಟ್ಟಿಗೆ. ಹಡಗು ಬಂದರೆ ಇಳಿಸು, ಹೋದರೆ ಇನ್ನೊಂದು. ಮುಂಚೂಣಿಗೆ ಹೋಗುವ ಸಿಪಾಯಿಗಳು ದಡದಲ್ಲಿ ಸಾಲಾಗಿ ನಡೆಯುವಾಗ ಮೇಲೆ ನೋಡಿ, “ಏನ್ರೋ ಹಮಾಲಿ ಪಲ್ಟನ್ನು, ಬೆನ್ನು ನೋಯ್ತಿದೆಯಾ?” ಎಂದು ಕೂಗುತ್ತಿದ್ದರು. ಅವನಿಗೆ ಉರಿಯುತ್ತಿತ್ತು. ಬಾವುಟ ಮಾತ್ರ ಅಂಚಿನ ಮೇಲೆ ನಿಂತು ಸೆಟೆದು ಸೆಲ್ಯೂಟ್ ಹೊಡೆದು, “ನಿಮ್ಮ ಚಡ್ಡಿಯೂ ನಾವೇ ಇಳಿಸಿದ್ದು ಕಣ್ರೋ!” ಎನ್ನುತ್ತಿದ್ದ. ಹಡಗಿಗೆ ಹಡಗೇ ನಗುತ್ತಿತ್ತು. ಆ ನಗುವಿಗಾಗಿ ಅವನನ್ನು ಎಷ್ಟು ಪ್ರೀತಿಸುತ್ತಿದ್ದೆ ಎಂಬುದು ಈಗ ನೆನಪಾಗಿ ಅವನಿಗೆ ಬಾಯಿ ಕಹಿಯಾಯಿತು. ಜೈಲಿನಿಂದ ಬಂದ ಮೇಲೆ ಒಂದು ಊಟದ ಪಂಕ್ತಿಯಲ್ಲಿ ಭಾವಮೈದುನ ಎಲ್ಲರೆದುರು ಕೇಳಿದ್ದ, “ಏನು ಭಾವ, ಯುದ್ಧದಲ್ಲಿ ಎಷ್ಟು ಜನರನ್ನ ಹೊಡೆದ್ರಿ?” ಒಬ್ಬನನ್ನು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನೀರು ಕುಡಿದು ನುಂಗಿದ.

ಮೂಲೆ ಬಂದಾಗ ಅವನು ಅವಳಿಗಿಂತ ಮೊದಲು ಎಡಕ್ಕೆ ತಿರುಗಿದ.

“ಮುಂಚೆ ಬಂದಿದ್ರಾ ನಮ್ಮನೆ ಕಡೆಗೆ?” ಎಂದಳು ಅವಳು, ಆಶ್ಚರ್ಯದಿಂದ.

“ಇಲ್ಲಮ್ಮ. ದಾರಿ ಇದೇ ಇರಬೇಕು ಅನ್ನಿಸ್ತು.”

ವರ್ಷಕ್ಕೊಮ್ಮೆ, ಬುಗುರಿ ಸತ್ತ ತಾರೀಕಿನಂದು, ಎದುರು ಬದಿಯ ಗೋಡೆಗೆ ಒರಗಿ ಒಂದು ಬೀಡಿ ಸುಡುವಷ್ಟು ಹೊತ್ತು ನಿಂತು ಹೋಗುತ್ತಿದ್ದ. ಆ ಮನೆಯ ಕಿಟಕಿಗೆ ಒಂಬತ್ತು ಸರಳು. ಮೂರನೆಯದು ಸೊಟ್ಟ. ಒಳಗಿರುವವನು ಒಮ್ಮೆಯಾದರೂ ಹೊರಗೆ ಬಂದರೆ ಏನು ಮಾಡುವುದೆಂದು ಹನ್ನೊಂದು ಬಗೆಯಲ್ಲಿ ಯೋಚಿಸಿ ಇಟ್ಟುಕೊಂಡಿದ್ದ. ಕೊರಳಪಟ್ಟಿ ಹಿಡಿಯುವುದು. ಕಲ್ಲು. ಬರೀ ನೋಡುವುದು. ಮಕ್ಕಳೆದುರು ಕೇಳುವುದು. ಯಾವುದರಲ್ಲೂ ಬಾವುಟ ಮಂಚದ ಮೇಲೆ ಇರಲಿಲ್ಲ, ಯಾವುದರಲ್ಲೂ ಅವನ ಮಗಳೇ ಬಂದು ಕರೆದುಕೊಂಡು ಹೋಗುತ್ತಿರಲಿಲ್ಲ. ಹಸಿದವನಿಗೆ ಯಾರೋ ಜಗಿದು ಬಾಯಿಗೆ ಇಟ್ಟ ಹಾಗಿತ್ತು ಇದು.

ಮಹಡಿಯ ಮೇಲಿನ ಕೋಣೆಯಲ್ಲಿ ಔಷಧಿಯ ವಾಸನೆ, ಅದರಡಿಯಲ್ಲಿ ಹಳೆಯ ಮೈಯ ವಾಸನೆ. ಮಂಚ ಆಸ್ಪತ್ರೆಯದು: ಕಾಲಿನ ಕಡೆ ಕೆಳಗೆ ಒಂದು ತಿರುಗಣೆ ಹಿಡಿ, ಅದನ್ನು ಸುತ್ತಿದರೆ ತಲೆಯ ಭಾಗ ಏಳುತ್ತದೆ, ಹಿಂದಕ್ಕೆ ಸುತ್ತಿದರೆ ಇಳಿಯುತ್ತದೆ. ಈಗ ಅದು ಎದ್ದು ನಿಂತಿತ್ತು. ಅದಕ್ಕೆ ಒರಗಿಸಿ, ಎರಡೂ ಕಡೆ ದಿಂಬು ತುರುಕಿ, ಜೋಳದ ಮೂಟೆಯನ್ನು ಗೋಡೆಗೆ ಆನಿಸಿದ ಹಾಗೆ ಬಾವುಟನನ್ನು ಕೂರಿಸಿದ್ದರು. ಬಾಯಿಯ ಬಲತುದಿ ಜಾರಿತ್ತು. ತಲೆಯಲ್ಲಿ ನಾಲ್ಕು ಕೂದಲು. ಇಷ್ಟೇನಾ! ಅವನಿಗೆ ಮೋಸವಾದ ಹಾಗೆ ಅನಿಸಿತು. ಮೂವತ್ತೊಂದು ವರ್ಷ ಹಗೆಯಿಟ್ಟುಕೊಂಡು ಬೆಳೆಸಿದ ಆಳು ಆರಡಿ ಎರಡಂಗುಲ ಇದ್ದ. ಇಲ್ಲಿರುವುದು ಯಾರೋ ಬಿಚ್ಚಿಟ್ಟ ಕೋಟು. ಆದರೆ ಹೊದಿಕೆಯ ಮೇಲೆ ಎಡಗೈ ಬದುಕಿತ್ತು. ಅವನನ್ನು ಕಂಡು ಅದು ನಿಂತಿತು. ಕಣ್ಣು ಅವನ ಮುಖದ ಮೇಲೆ ಒಂದು ಸಲ ಓಡಿ, ಅವನ ಕೈಗಳ ಮೇಲೆ ಬಂದು ನೆಲೆಸಿತು. ಆಮೇಲೆ ಕೈ ಹೊದಿಕೆಯಿಂದ ಎದ್ದು, ಮುಂದಕ್ಕೆ ಚಾಚಿ, ಬೆರಳನ್ನು ನೆಲದ ಕಡೆ ಮಾಡಿ ಸುತ್ತಿಸಿತು. ಬಲಗೈ ಮಾಡುತ್ತಿದ್ದದ್ದನ್ನು ಎಡಗೈ ಚಾಚೂ ತಪ್ಪದೆ ಕಲಿತಿತ್ತು.

“ನೋಡಿ, ನೋಡಿ, ನಿಮ್ಮನ್ನ ಕಂಡ ಕೂಡ್ಲೇ ಜೋರಾಯ್ತು!” ಮಗಳು ಹಿಗ್ಗಿದಳು. “ಅಪ್ಪ, ಯಾರು ಬಂದಿದಾರೆ ನೋಡಿ, ನಿಮ್ಮ ವಿಂಚಿನವರು! ಏನಂತಿದಾರೆ ಚಿಕ್ಕಪ್ಪ?”

ಇಳಿಸು ಅನ್ನುತ್ತಿದ್ದ. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಎರಡು ತಿಂಗಳಿಂದ ಮೂಟೆಯ ಹಾಗೆ ಕೂತು ಬೆನ್ನು ಬೆಂದುಹೋದ ಮುದುಕ, ನನ್ನನ್ನು ಒಂದಿಷ್ಟು ಮಲಗಿಸಿ ಅನ್ನುತ್ತಿದ್ದ. ಬೇರೆ ಭಾಷೆಯೆಲ್ಲ ಸುಟ್ಟುಹೋಗಿ ಉಳಿದಿದ್ದ ಒಂದೇ ಪದದಲ್ಲಿ ಅನ್ನುತ್ತಿದ್ದ. ಮನೆಮಂದಿ ಕಲ್ಲು ಎಬ್ಬಿಸಿದ್ದರು, ಚಪ್ಪಲಿ ತಂದಿದ್ದರು. ಅವನು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು.

“ಸ್ವಲ್ಪ ಹೊತ್ತು ನೋಡಬೇಕಮ್ಮ,” ಎಂದ.

“ನೋಡಿ, ನೋಡಿ. ನಾನು ಟೀ ಮಾಡ್ಕೊಂಡು ಬರ್ತೀನಿ. ದಿಂಬು ಮಾತ್ರ ಅಲುಗಾಡಿಸಬೇಡಿ, ಆಯ್ತಾ? ಈಗ ತಾನೇ ಹಾಲು ಕುಡಿಸಿದೀನಿ. ತಲೆ ಎತ್ತರದಲ್ಲೇ ಇರಬೇಕಂತೆ, ಮಲಗಿಸಿದ್ರೆ ಹಾಲು, ಕಫ ಎಲ್ಲ ಶ್ವಾಸಕ್ಕೆ ಹೋಗುತ್ತಂತೆ. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದಾರೆ.” ಅವಳ ಹೆಜ್ಜೆ ಮೆಟ್ಟಿಲಿಳಿದು ಹೋಯಿತು.

ಕೋಣೆಯಲ್ಲಿ ಬೆರಳು ಸುತ್ತುತ್ತಿತ್ತು.

“ಬಾವುಟ,” ಎಂದ ಅವನು. ಸ್ವರ ತನ್ನದಲ್ಲ ಎನ್ನುವಷ್ಟು ಮೆದುವಾಗಿತ್ತು. “ಬುಗುರಿ ನೆನಪಿದಾನೇನೋ?”

ಬೆರಳು ನಿಂತಿತು. ಒಳ್ಳೆಯ ಕಣ್ಣು ಅವನನ್ನು ನೋಡಿತು, ಬಾಗಿಲನ್ನು ನೋಡಿತು, ಮತ್ತೆ ಅವನನ್ನು ನೋಡಿತು. ಅದಕ್ಕೆ ಎಲ್ಲ ತಿಳಿಯುತ್ತಿತ್ತು. ಅವನು ಕಾದ. ಆ ಕಣ್ಣು ತಗ್ಗಬಹುದು, ಒದ್ದೆಯಾಗಬಹುದು, ಏನಾದರೂ ಒಂದು ಆಗಬಹುದು ಎಂದು ಕಾದ. ಬೆರಳು ಮತ್ತೆ ಸುತ್ತತೊಡಗಿತು. ಇಳಿಸು. ಬುಗುರಿಯ ಮಾತು ಮುಗಿಯಿತು, ಈಗ ನನ್ನ ಬೆನ್ನಿನ ಮಾತು, ಇಳಿಸು. ಅದರಲ್ಲಿ ಬೇಡಿಕೆ ಇರಲಿಲ್ಲ, ಹಳೆಯ ಅಪ್ಪಣೆ ಇತ್ತು. ತನ್ನ ವಿಂಚಿನವನು ಕೊನೆಗೂ ಕೆಲಸಕ್ಕೆ ಬಂದಿದ್ದಾನೆ, ತಡವಾಗಿ ಬಂದಿದ್ದಾನೆ ಎಂಬ ಸಿಡುಕು ಕೂಡ ಇತ್ತು.

ಸರಿ. ಅಪ್ಪಣೆ.

ಅವನು ಕಾಲಿನ ಕಡೆಗೆ ಹೋಗಿ, ಅಲ್ಲಿದ್ದ ಮೋಡದ ಬಣ್ಣದ ಪುಟ್ಟ ಸ್ಟೂಲಿನ ಮೇಲೆ ಕೂತ. ಬಗ್ಗಿದಾಗ ಜೇಬಿನ ಕಾಗದ ಸರಕ್ಕೆಂದಿತು. ಹಿಡಿಯನ್ನು ಹೊರಗೆಳೆದ. ಮಂಚದ ಕಾಲ್ದೆಸೆಯ ಹಲಗೆ ಅಡ್ಡ ಇದ್ದುದರಿಂದ ಬಾವುಟನ ಮುಖ ಕಾಣುತ್ತಿರಲಿಲ್ಲ. ಹಲಗೆಯ ಮೇಲಂಚಿನಲ್ಲಿ ಕೈ ಒಂದೇ ಕಾಣುತ್ತಿತ್ತು. ಹಡಗಿನಲ್ಲೂ ಹೀಗೇ. ವಿಂಚಿನವನಿಗೆ ಕೆಳಗಿನದೇನೂ ಕಾಣುವುದಿಲ್ಲ. ಹಡಗಿನ ಬದಿಯಲ್ಲಿ ಚಪ್ಪಟೆ ದೋಣಿ ನಿಂತಿರುತ್ತದೆ, ಅದರಲ್ಲಿ ಆಳುಗಳಿರುತ್ತಾರೆ, ಅವರ ತಲೆಯ ಮೇಲೆ ಇವನು ಹತ್ತು ಆಳಿನ ತೂಕವನ್ನು ಇಳಿಸುತ್ತಿರುತ್ತಾನೆ, ಕಾಣುವುದು ಮಾತ್ರ ಒಂದು ಕೈ. ಅದು ಇಳಿಸು ಅಂದರೆ ಇಳಿಸು, ಎತ್ತು ಅಂದರೆ ಎತ್ತು. ಬೇರೆ ಯಾರು ಕುಣಿದರೂ ನೋಡಬಾರದು. ಹೆಂಡತಿಯ ಮುಖವನ್ನು ಕೂಡ ಅವನು ಅಷ್ಟು ನೋಡಿಲ್ಲ. ಒಂದೇ ಒಂದು ಅಪವಾದವನ್ನು ವಿಂಚಿನ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ನಿಲ್ಲಿಸು ಎಂದು ಯಾರೇ ಹೇಳಲಿ, ನಿಲ್ಲಿಸು. ಬೆರಳು ಬೇಡ, ಬಿಚ್ಚಿದ ಅಂಗೈಯನ್ನು ಗಾಳಿಯಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗುಡಿಸುವ ಹಾಗೆ ಆಡಿಸಿದರೆ ನಿಲ್ಲಿಸು. ಯಾರ ಕೈಯಾದರೂ ಸರಿ, ಅಧಿಕಾರಿಯದೋ, ಕಸ ಗುಡಿಸುವವನದೋ.

ಒಂದು ಸುತ್ತು. ಹಲ್ಲುಚಕ್ರ ಕಟಕ್ ಎಂದಿತು. ತಲೆಯ ಭಾಗ ಒಂದಂಗುಲ ಇಳಿಯಿತು. ಬೆರಳು ಸುತ್ತುತ್ತಿತ್ತು.

ಇನ್ನೊಂದು.

ಲಾರಿ ಎಂಜಿನ್ನಿನ ಪೆಟ್ಟಿಗೆ ಅದು. ಎರಡು ದಿನದಿಂದ ಯಾರೂ ನಿದ್ದೆ ಮಾಡಿರಲಿಲ್ಲ. ಬುಗುರಿ ಕೆಳಗೆ ದೋಣಿಯಲ್ಲಿ, ಪೆಟ್ಟಿಗೆ ಕೂರುವ ಜಾಗಕ್ಕೆ ಮರದ ತುಂಡು ಜೋಡಿಸಲು ಬಗ್ಗಿದ್ದನಂತೆ. ಆಮೇಲೆ ತಿಳಿದದ್ದು. ಆ ಹೊತ್ತಿಗೆ ಅಧಿಕಾರಿ ಬಂದು ಬಾವುಟನನ್ನು ಇನ್ನೆಷ್ಟಿದೆ ಎಂದು ಕೇಳಿದ. ಬಾವುಟ ಮುಖ ತಿರುಗಿಸಿ ಉತ್ತರ ಕೊಡತೊಡಗಿದ, ಹಲ್ಲು ಕಿರಿಯುತ್ತ. ಚಾಚಿದ ಕೈಯನ್ನು ಮರೆತ. ಮರೆತ ಕೈ ಅದರ ಪಾಡಿಗೆ ಇಳಿಸು ಇಳಿಸು ಎನ್ನುತ್ತಲೇ ಇತ್ತು. ಇದನ್ನು ಇವನು ವಿಚಾರಣೆಯಲ್ಲಿ ನೂರು ಸಲ ಹೇಳಿದ. ಹೇಳದೆ ಬಿಟ್ಟದ್ದು ಒಂದಿತ್ತು. ಟೀಯ ಬಕೀಟು ಹಿಡಿದು ಅಂಚಿನಲ್ಲಿ ಹೋಗುತ್ತಿದ್ದ ಅಡುಗೆಯವನು ಕೆಳಗೆ ಬಗ್ಗಿ ನೋಡಿ, ಬಕೀಟು ಚೆಲ್ಲಿ, ಎರಡೂ ಅಂಗೈ ಬಿಚ್ಚಿ ಗಾಳಿಯನ್ನು ಗುಡಿಸಿದ್ದ. ಕಣ್ಣಿನ ಮೂಲೆಯಲ್ಲಿ ಕಂಡಿತ್ತು. ಚೆನ್ನಾಗಿಯೇ ಕಂಡಿತ್ತು. ಅಡುಗೆಯವನ ಕೈಗೆ ನನ್ನ ವಿಂಚು ಬಗ್ಗಬೇಕಾ, ಬಾವುಟ ಇನ್ನೂ ಇಳಿಸು ಅನ್ನುತ್ತಿದ್ದಾನಲ್ಲ ಎಂಬಷ್ಟು ಹೊತ್ತು, ಅಂದರೆ ಹಿಡಿಯ ಅರ್ಧ ಸುತ್ತು. ಆ ಅರ್ಧ ಸುತ್ತಿನಲ್ಲಿ ಬುಗುರಿ ಇದ್ದ. ಅಡುಗೆಯವನನ್ನು ಮಾರನೇ ದಿನವೇ ಬೇರೆ ಹಡಗಿಗೆ ಹಾಕಿದರು, ವಿಚಾರಣೆಗೆ ಅವನು ಬರಲಿಲ್ಲ. ಇವನೂ ಕರೆಸಿ ಅನ್ನಲಿಲ್ಲ. ಕರೆಸಿದರೆ ನೀನು ನೋಡಿದೆಯಾ ಎಂದು ಕೇಳುತ್ತಿದ್ದರು. ಮೂವತ್ತೊಂದು ವರ್ಷ ಬಾವುಟನನ್ನು ಬೈದದ್ದರಲ್ಲಿ ಎಷ್ಟು ಭಾಗ ಬಾವುಟನಿಗೆ ಸೇರಿದ್ದು ಎಂಬ ಪ್ರಶ್ನೆ ಒಂದೊಂದು ಸಲ ಹಲ್ಲಿನ ಸಂದಿಯ ನಾರಿನ ಹಾಗೆ ನಾಲಗೆಗೆ ತಾಕುತ್ತಿತ್ತು. ನಾಲಗೆಯನ್ನು ಬೇರೆ ಕಡೆ ಹೊರಳಿಸುತ್ತಿದ್ದ.

ನಾಲ್ಕು. ಐದು. ಹಲಗೆಯಾಚೆ ಉಸಿರಿನ ಸದ್ದು ಬದಲಾಯಿತು, ಹುಕ್ಕಾದಲ್ಲಿ ನೀರು ಹೊರಳಿದ ಹಾಗೆ ಗುಳುಗುಳು ಎನ್ನತೊಡಗಿತು. ಬೆರಳು ಸುತ್ತುತ್ತಿತ್ತು. “ನಿಲ್ಲಿಸು ಅನ್ನೋ,” ಎಂದ ಅವನು ಹಲ್ಲು ಕಚ್ಚಿ. ಆರು. “ಒಂದ್ಸಲ ಅಂಗೈ ಬಿಚ್ಚಿ ನಿಲ್ಲಿಸು ಅನ್ನು, ಬಿಟ್ಟುಬಿಡ್ತೀನಿ. ಅವತ್ತು ಕೊಟ್ಟೆ ಅಂದೆಯಲ್ಲ, ಅದನ್ನ ಇವತ್ತು ಕೊಡು.” ಏಳು. ಅದೊಂದು ಸನ್ನೆ ಆ ಕೈಯಿಂದ ಬರಲಿ. ಬೇರೇನೂ ಬೇಡ, ಕ್ಷಮೆ ಬೇಡ, ಕಣ್ಣೀರು ಬೇಡ. ಕೊಡದಿದ್ದರೆ ಇನ್ನೂ ಒಳ್ಳೆಯದು. ಕೊಡದಿದ್ದರೆ ನೀನೇ ಇಳಿಸು ಅಂದೆ, ನಾನು ಇಳಿಸಿದೆ. ಕೋಲೂ ಮುರಿಯುವುದಿಲ್ಲ, ಹಾವೂ ಸಾಯುತ್ತದೆ. ಎಂಟು. ಗುಳುಗುಳು ಸದ್ದು ಕಿರಿದಾಯಿತು. ಕೈ ಒಮ್ಮೆ ನಡುಗಿತು, ನೆಟ್ಟಗಾಯಿತು, ಮತ್ತೆ ಬೆರಳು. ಎಂಥ ಹಟ! ಮಲಗಿಯೇ ಸಾಯುತ್ತೇನೆ, ಕೂತು ಬದುಕುವುದಿಲ್ಲ ಎಂಬ ಹಟವೋ, ನಿನ್ನ ಮಾತಿಗೆ ನಿಲ್ಲಿಸು ಅನ್ನುವುದಿಲ್ಲ ಎಂಬ ಹಟವೋ.

ಬಾಗಿಲ ಬಳಿ ಏನೋ ಅಲುಗಿತು. ಕಣ್ಣಿನ ಮೂಲೆಯಲ್ಲಿ, ಒಂದು ಕೈಯಲ್ಲಿ ಟೀಯ ತಟ್ಟೆ ಹಿಡಿದ ಮಗಳು, ಇನ್ನೊಂದು ಅಂಗೈಯನ್ನು ಬಿಚ್ಚಿ ಗಾಳಿಯಲ್ಲಿ ಎಡಕ್ಕೆ ಬಲಕ್ಕೆ ಬೀಸುತ್ತಿದ್ದಳು. “ಬೇಡ, ಬೇಡ, ಬೇಡ!” ಅವಳಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ತಟ್ಟೆ ನೆಲಕ್ಕೆ ಬಿತ್ತು. ಅವನು ನೋಡಿದ. ಚೆನ್ನಾಗಿಯೇ ನೋಡಿದ. ಕೈ ಅರ್ಧ ಸುತ್ತು ಇಳಿಸಿತು. ಆಮೇಲೆ ನಿಂತಿತು.

ಅವಳು ಅವನನ್ನು ಪಕ್ಕಕ್ಕೆ ತಳ್ಳಿ, ಎರಡೂ ಕೈಯಲ್ಲಿ ಹಿಡಿ ಸುತ್ತಿ, ಓಡಿಹೋಗಿ ಅಪ್ಪನ ತಲೆಯನ್ನು ಎದೆಗಾನಿಸಿಕೊಂಡು ಬೆನ್ನು ಗುದ್ದಿದಳು. ಹಾಲು ಬಂತು, ಕಫ ಬಂತು, ಕೆಮ್ಮು ಬಂತು, ಬಹಳ ಹೊತ್ತಿನ ಮೇಲೆ ಉಸಿರು ಬಂತು. ಹೋದದ್ದು ಹಿಂದಿರುಗುವ ಸದ್ದು ಇಷ್ಟು ಕೊಳಕಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಬುಗುರಿಯ ಕಡೆಯಿಂದ ಸದ್ದೇ ಬಂದಿರಲಿಲ್ಲ.

“ಯಾಕೆ ಇಳ್ಸಿದ್ರಿ? ಅಷ್ಟು ಹೇಳಿ ಹೋದ್ನಲ್ಲ! ಯಾಕೆ ಚಿಕ್ಕಪ್ಪ?” ಅವಳ ಮುಖ ಬಿಳಿಚಿಕೊಂಡಿತ್ತು.

ಅವನೇ ಇಳಿಸು ಅಂದ. ಮಾತು ಗಂಟಲಲ್ಲಿ ಸಿದ್ಧವಾಗಿತ್ತು. ಹಸಿರು ಮೇಜಿನ ಮುಂದೆ ನೂರು ಸಲ ಹೇಳಿ ಸವೆದ ಮಾತು, ಯಾರೂ ನಂಬದ ಸತ್ಯ. ಇವತ್ತು ಹೇಳಿದರೆ ಈ ಹುಡುಗಿ ನಂಬುತ್ತಾಳೆ. ಡಾಕ್ಟರನ್ನು ಕೇಳುತ್ತಾಳೆ, ಹೊಟ್ಟೆ ಖಾಲಿ ಇದ್ದಾಗ ಹತ್ತು ನಿಮಿಷವಾದರೂ ಮಲಗಿಸಬಹುದಾ ಅನ್ನುತ್ತಾಳೆ, ಅವರು ಹೂಂ ಅನ್ನುತ್ತಾರೆ. ಬಾವುಟನ ಬೆನ್ನು ಹಾಸಿಗೆ ಮುಟ್ಟುತ್ತದೆ. ಅವನು ಮಂಚದ ಕಡೆ ನೋಡಿದ. ಒಳ್ಳೆಯ ಕಣ್ಣು ಕೆಂಪಾಗಿ, ನೀರಾಡುತ್ತ, ಅವನನ್ನೇ ನೋಡುತ್ತಿತ್ತು. ಕೈ ಹೊದಿಕೆಯ ಮೇಲೆ ತಡಕಾಡಿ, ಎದ್ದು, ಬೆರಳು ಸುತ್ತಿಸಿತು. ಹೇಳು, ಅನ್ನುತ್ತಿತ್ತು. ನಿನಗೆ ಗೊತ್ತಲ್ಲ, ಹೇಳು.

“ನನ್ನದೇ ತಪ್ಪಮ್ಮ,” ಎಂದ ಅವನು. “ಅವರು ನಿಲ್ಲಿಸು ಅಂತ ಸನ್ನೆ ಕೊಟ್ರು. ನಾನು ನೋಡಲಿಲ್ಲ.”

ಮಾತು ನಾಲಗೆಯಿಂದ ಎಷ್ಟು ಸಲೀಸಾಗಿ ಹೊರಟಿತೆಂದರೆ, ಆ ದಿನ ಬಾವುಟನಿಗೂ ಹೀಗೇ ಆಗಿರಬೇಕು ಎನಿಸಿತು.

“ನಿಲ್ಲಿಸು ಅಂತಾನಾ? ಈ ಬೆರಳು ಸುತ್ತಿಸೋದು, ನಿಲ್ಲಿಸು ಅಂತಾನಾ?”

“ಹೂಂನಮ್ಮ. ಹೀಗೇ ಇರಲಿ, ಯಾರೂ ಅಲುಗಾಡಿಸಬೇಡಿ ಅಂತ. ಹಡಗಿನ ಮೇಲೆ ದಿನಾ ನೋಡ್ತಿದ್ದೆ, ನನಗೆ ಗೊತ್ತಿಲ್ವಾ?”

ಅವಳು ಅಲ್ಲೇ ಮಂಚದ ಅಂಚಿನಲ್ಲಿ ಕುಸಿದು ಕೂತು ಅತ್ತಳು, ನಕ್ಕಳು. “ಅಯ್ಯೋ ಅಪ್ಪ, ಇಷ್ಟೇನಾ! ಇಷ್ಟಕ್ಕೆ ನಾವು ನೆಲ ಅಗೆದ್ವಿ. ಇವರೆಲ್ಲಿ ನನ್ನನ್ನ ಬೀಳಿಸ್ತಾರೋ ಅಂತ ಹೆದರಿಕೆ ಇತ್ತಲ್ವಾ ನಿಮಗೆ? ಇಲ್ಲಪ್ಪ, ಇಲ್ಲೇ ನಿಲ್ಲಿಸಿದೀವಿ. ಇನ್ನು ಯಾರೂ ಇಳ್ಸಲ್ಲ.” ಅವಳು ಬಟ್ಟೆಯ ಪಟ್ಟಿಯೊಂದನ್ನು ಹುಡುಕಿ ತಂದಳು, ತಿರುಗಣೆ ಹಿಡಿಯನ್ನು ಮಂಚದ ಕಾಲಿಗೆ ಕಟ್ಟಲು. ಅವಳ ಗಂಟು ಸಡಿಲವಾಗಿತ್ತು. “ಕೊಡಮ್ಮ,” ಎಂದು ಅವನೇ ಇಸಿದುಕೊಂಡು ಕಟ್ಟಿದ, ಎಳೆದಷ್ಟೂ ಬಿಗಿಯುವ ಹಡಗಿನ ಗಂಟು.

ಅವನು ತಲೆಯೆತ್ತಿದಾಗ ಬೆರಳು ಸುತ್ತುವುದು ನಿಂತಿತ್ತು. ಬಾವುಟ ಅವನನ್ನು ನೋಡುತ್ತಿದ್ದ. ಆಮೇಲೆ, ಬಹಳ ನಿಧಾನವಾಗಿ, ಮುಷ್ಟಿ ಬಿಚ್ಚಿಕೊಂಡಿತು. ಐದೂ ಬೆರಳು ನೀಡಿದ ಅಂಗೈ ಹೊದಿಕೆಯಿಂದ ಮೇಲೆದ್ದು ಎಡದಿಂದ ಬಲಕ್ಕೆ ಹೋಯಿತು. ಬಲದಿಂದ ಎಡಕ್ಕೆ. ನಡುಗುತ್ತಿತ್ತು, ಆದರೆ ತಪ್ಪಿರಲಿಲ್ಲ. ಅಂಚಿನ ಮೇಲೆ ನಿಂತು ಕೊಡುತ್ತಿದ್ದಷ್ಟೇ ಸ್ಪಷ್ಟವಾಗಿ, ಇಡೀ ತೋಳಿನಿಂದ. ಎಡಕ್ಕೆ. ಬಲಕ್ಕೆ.

ಮೂವತ್ತೊಂದು ವರ್ಷ ಕಾದ ಸನ್ನೆ.

“ಇದೇನು ಹೊಸದು?” ಮಗಳು ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು. “ಇದಕ್ಕೇನರ್ಥ ಚಿಕ್ಕಪ್ಪ?”

“ಇದು ಸನ್ನೆಯಲ್ಲಮ್ಮ,” ಎಂದ ಅವನು. “ನೊಣ ಓಡಿಸ್ತಿದಾರೆ.”

“ಹಾಲು ಚೆಲ್ಲಿದೆಯಲ್ಲ, ಬಂದೇ ಬರ್ತವೆ,” ಎಂದು ಅವಳು ಮಡಚಿಟ್ಟಿದ್ದ ಬಿಳಿ ಹೊದಿಕೆ ಬಿಚ್ಚಿದಳು. ಕೈ ಇನ್ನೂ ಗಾಳಿಯಲ್ಲಿತ್ತು. ಅವಳು ಅದನ್ನು ಮಗುವಿನ ಕೈಯ ಹಾಗೆ ಹಿಡಿದು ಮೈಗೆ ಒತ್ತಿಟ್ಟಳು. ಹೊದಿಕೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದನ್ನು ಅವನು ಹಿಡಿದ. ಇಬ್ಬರೂ ಸೇರಿ ಗಲ್ಲದವರೆಗೆ ಎಳೆದು, ಬದಿಗಳನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದರು. ಬಟ್ಟೆಯ ಕೆಳಗೆ ಏನೋ ಎಡಕ್ಕೆ ಬಲಕ್ಕೆ ಆಡುತ್ತಿತ್ತು. ಅವನು ಮೆಟ್ಟಿಲಿಳಿಯುವಾಗಲೂ ಮಗಳು ಹೇಳುತ್ತಿದ್ದಳು, “ಆಯ್ತಪ್ಪ, ಆಯ್ತು, ಎಲ್ಲ ಹೋದ್ವು.”

ಬೀದಿಯ ಮೂಲೆಯಲ್ಲಿ ಉಗಿಯೋಣ ಎಂದು ನಿಂತ. ಬಾಯಿ ಮರದ ಪುಡಿಯ ಹಾಗೆ ಒಣಗಿತ್ತು.

ಮನೆಗೆ ಬಂದು ಮೇಜಿನ ಮುಂದೆ ಕೂತಾಗ ಹೆಂಡತಿ ನೀರಿನ ಚೊಂಬು ತಂದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತಳು. “ಉಗಿದ್ರಾ?”

ಅವನು ಚೊಂಬೆತ್ತಿ ನೀರು ಕುಡಿದ.

“ಹೋಗ್ಲಿ, ಅವನೇನಂದ?”

“ನಿಲ್ಲಿಸು ಅಂದ.”

“ಈಗಲಾದ್ರೂ ಅಂದನಲ್ಲ,” ಎಂದಳು. “ನೀವೇನು ಮಾಡಿದ್ರಿ?”

ಅವನು ಯಂತ್ರದ ಚಕ್ರದ ಮೇಲೆ ಕೈಯಿಟ್ಟು, ಅರ್ಧ ಸುತ್ತು ತಿರುಗಿಸಿದ.